ನಟ್ಟಿನ ಮೇಲಿನ ಹಳದಿ ಗೆರೆ

"ಇದೊಂದನ್ನ ಯಾಕೆ ಬಿಟ್ಟಿದೀಯ ಅಣ್ಣ?" ತಂಗಿ ಕೇಳಿದಳು.

ಅಣ್ಣ ಟ್ರಕ್ಕಿನ ಕೆಳಗೆ ರಟ್ಟು ಹಾಸಿ ಮಲಗಿದ್ದ. ಅವಳು ಹಿಡಿದ ಟಾರ್ಚಿನ ಬೆಳಕು ಸ್ಟೀರಿಂಗಿನ ಪೆಟ್ಟಿಗೆಯಿಂದ ಇಳಿದ ಕಬ್ಬಿಣದ ತೋಳಿನ ಮೇಲೆ ನಿಂತಿತ್ತು. ಸುತ್ತಲಿನ ನಟ್ಟುಗಳಿಗೆಲ್ಲ ಹಳದಿ ಗೆರೆ ಇತ್ತು. ತೋಳಿನ ನಟ್ಟಿಗೆ ಇರಲಿಲ್ಲ.

ಅದು ಅವನ ಪದ್ಧತಿ. ನಟ್ಟನ್ನು ಪೂರ್ತಿ ಬಿಗಿದ ಮೇಲೆ ಬೆಂಕಿಕಡ್ಡಿಯನ್ನು ಹಳದಿ ಬಣ್ಣದಲ್ಲಿ ಅದ್ದಿ ಅದರ ಮೇಲೊಂದು ಗೆರೆ ಎಳೆಯುತ್ತಿದ್ದ. ಗೆರೆ ಬಿತ್ತೆಂದರೆ ಆ ನಟ್ಟಿನ ಕೆಲಸ ಮುಗಿಯಿತು. ಮತ್ತೆ ಸ್ಪಾನರ್ ಮುಟ್ಟಿಸುವ ಮಾತಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಿಂದ ಅವನಿಗೆ ಟಾರ್ಚ್ ಹಿಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಸ್ಪ್ರಿಂಗ್ ಹೊಸದು. ಗಾಡಿ ತನ್ನ ಭಾರಕ್ಕೆ ಸರಿಯಾಗಿ ಕೂತ್ಕೋಬೇಕು. ಬೆಳಿಗ್ಗೆ ಚಕ್ರ ನೇರ ಮಾಡಿ ಬಿಗೀತೀನಿ."

"ಬಿಗೀದೆ ಹೋದ್ರೆ?"

"ರಸ್ತೆ ಮೇಲೆ ಏನೂ ಗೊತ್ತಾಗಲ್ಲ. ಗುಡ್ಡದಲ್ಲಿ ನಾಲ್ಕು ಸಲ ಕುಕ್ಕಿದ್ರೆ ತೋಳು ಕಳಚಿ ಬೀಳುತ್ತೆ. ಆಮೇಲೆ ಸ್ಟೀರಿಂಗ್ ಒಂದು ಕಡೆ, ಚಕ್ರ ಒಂದು ಕಡೆ."

ಅವಳು ಟಾರ್ಚನ್ನು ಆ ನಟ್ಟಿನ ಇನ್ನಷ್ಟು ಹತ್ತಿರ ತಂದಳು. ಅವಳ ಇನ್ನೊಂದು ಕೈ ಪ್ಲಾಸ್ಟರಿನಲ್ಲಿತ್ತು.

"ಅಣ್ಣ, ನನ್ನ ಸಲುವಾಗಿ ನಿನ್ನ ಕೈ ಹೊಲಸು ಮಾಡ್ಕೋಬೇಡ."

"ನನ್ನ ಕೈ ಯಾವತ್ತು ಚೊಕ್ಕಟವಾಗಿತ್ತು?" ಎಂದು ಅವನು ಗ್ರೀಸು ಮೆತ್ತಿದ ಅಂಗೈ ತೋರಿಸಿದ. ಅವಳು ನಗಲಿಲ್ಲ.

ಟ್ರಕ್ಕು ಅವಳ ಗಂಡನದು. ಗೆಳೆಯರು ಅವನನ್ನು ಗೂಳಿ ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದುಕೊಂಡು ಬಾನೆಟ್ಟಿನ ಮೇಲೆ ಕೊಂಬು ಬರೆಸಿದ್ದ. ನಾಲ್ಕು ಚಕ್ರಕ್ಕೂ ಬಲ ಹೋಗುವ ಹಳೆಯ ಗಾಡಿ, ಗುಜರಿಗೆ ಹೋಗಬೇಕಾಗಿದ್ದು. ಗುಡ್ಡ ಹತ್ತುವ ಪಂದ್ಯಕ್ಕೆ ಸಜ್ಜು ಮಾಡಿಕೊಡೆಂದು ಹೆಂಡತಿಯ ಅಣ್ಣನ ಹಿತ್ತಿಲಿಗೆ ತಂದು ನಿಲ್ಲಿಸಿದ್ದ. ಅಣ್ಣ ಬಾಡಿಯನ್ನು ಎತ್ತರಿಸಿದ. ಆಳೆತ್ತರದ ಟೈರು ಹಿಡಿಸಲು ಮಡ್‌ಗಾರ್ಡ್ ಕತ್ತರಿಸಿದ. ಎಂಜಿನ್ನು ನೀರಿನಲ್ಲೂ ಉಸಿರಾಡಲೆಂದು ಕೊಳವೆಯೊಂದನ್ನು ಚಾವಣಿಯವರೆಗೆ ಏರಿಸಿದ.

ತಂಗಿ ಬಂದದ್ದು ಆ ಕೆಲಸದ ನಡುವೆ, ಮುರಿದ ಮಣಿಕಟ್ಟು ಹಿಡಿದುಕೊಂಡು. ಬಾಗಿಲ ಸಂದಿಗೆ ಸಿಕ್ಕಿತು ಎಂದು ಗಂಡ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹೋದ ವರ್ಷ ಪಕ್ಕೆಲುಬೂ ಬಾಗಿಲಿಗೇ ಸಿಕ್ಕಿತ್ತು. ಚಿಕ್ಕಪ್ಪ, ಸೋದರತ್ತೆ ಎಲ್ಲ ಸೇರಿ ಹೆಣ್ಣು ಗಂಡನ ಮನೆಯಲ್ಲಿದ್ದರೇ ಚೆಂದ ಎಂದು ತೀರ್ಮಾನ ಕೊಟ್ಟು, ಚಹಾ ಕುಡಿದು ಎದ್ದು ಹೋದರು. ತಂಗಿ ತಲೆಯಾಡಿಸಿದಳು. ಪಂದ್ಯ ಮುಗಿದ ಸಂಜೆಯೇ ಗಂಡ ಅವಳನ್ನು ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಆ ನಟ್ಟನ್ನು ಹಾಗೇ ಬಿಟ್ಟ ಸಂಜೆಯೇ, ಪಂದ್ಯದ ಹಿಂದಿನ ದಿನ, ಗೂಳಿ ಬಂದು ಟೈರಿಗೆ ಒದ್ದು ನೋಡಿದ. ಖುಷಿಯಾಯಿತು. ಹೆಂಡತಿಯ ಪ್ಲಾಸ್ಟರಿನ ಮೇಲೆ ಬೆರಳಿನಿಂದ ಟಕಟಕ ಬಡಿದ.

"ಇನ್ನೊಂದು ಕೈ ಚೆನ್ನಾಗಿದೆಯಲ್ಲ ಬಾವ. ಅಡುಗೆಗೆ ಒಂದು ಕೈ ಸಾಕು."

ಅಣ್ಣನ ಕೈಯಲ್ಲಿ ಮೊಳದುದ್ದದ ಸ್ಪಾನರ್ ಇತ್ತು. ತಂಗಿ ಇಬ್ಬರ ನಡುವೆ ಬಂದು ನಿಂತಳು. ಅಣ್ಣ ಸ್ಪಾನರನ್ನು ಗೋಡೆಗೆ ಎಸೆದ, ಗಾರೆ ಉದುರಿತು. ಬಣ್ಣವೋ ಗ್ರೀಸೋ ಹೋಗಲು ದಿನವೂ ಸೀಮೆಎಣ್ಣೆಯಲ್ಲಿ ಕೈ ತೊಳೆಯುವವನು ಅವತ್ತು ಅದನ್ನೂ ಮಾಡದೆ ಒಳಗೆ ಹೋಗಿ ಮಲಗಿದ. ಊಟಕ್ಕೂ ಏಳಲಿಲ್ಲ.

ಬೆಳಿಗ್ಗೆ ತಂಗಿ ಚಹಾ ತಂದಳು. ಅವನು ಲೋಟ ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದ.

"ಚಹಾನೋ, ಸೀಮೆಎಣ್ಣೆನೋ?"

"ನಿನ್ನ ಮನೇಲಿ ಏನು ಮುಟ್ಟಿದ್ರೂ ಅದೇ ವಾಸನೆ," ಎಂದಳು. "ಕುಡಿ, ಸಾಯಲ್ಲ."

ಅಷ್ಟರಲ್ಲಿ ಗೂಳಿ ಬಂದು ಡ್ರೈವರ್ ಸೀಟಿಗೆ ಹತ್ತಿ ಹಾರ್ನ್ ಒತ್ತತೊಡಗಿದ. ಅಣ್ಣ ಒಂದು ನಿಮಿಷ ತಾಳಿ ಎಂದವನೇ ಸ್ಪಾನರ್ ಹಿಡಿದು ಕೆಳಗೆ ನುಸುಳಿದ. ನಟ್ಟು ಬಿಗಿಯುವ ಸದ್ದು ಕೇಳಲಿಲ್ಲ. ಹಾರ್ನ್ ಮಾತ್ರ ಕೇಳುತ್ತಿತ್ತು. ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಸ್ಪಾನರನ್ನು ಮೊಳೆಗೆ ನೇತುಹಾಕಿದ, ಜೇಬಿನಿಂದ ಕೀಲಿ ತೆಗೆದುಕೊಟ್ಟ.

"ಎಲ್ಲಾ ಬಿಗಿ ಇದೆ ತಾನೆ?" ಗೂಳಿ ಕೇಳಿದ.

"ಎಲ್ಲದಕ್ಕೂ ಗುರುತು ಬಿದ್ದಿದೆ," ಎಂದ ಅಣ್ಣ. ತಂಗಿಯ ಕಡೆ ನೋಡಲಿಲ್ಲ.

ಟ್ರಕ್ಕು ಗುಡ್ಡದ ಮೂರನೇ ತಿರುವಿನಲ್ಲಿ ಕಲ್ಲುಗಣಿಗೆ ಉರುಳಿತು. ಗೂಳಿ ಬದುಕಲಿಲ್ಲ. ಮೇಲೆ ನಿಂತಿದ್ದ ಗೆಳೆಯರು ಕಂಡದ್ದನ್ನೇ ಪೊಲೀಸರಿಗೆ ಹೇಳಿದರು: ಅವನು ಸ್ಟೀರಿಂಗನ್ನು ಗರಗರ ತಿರುಗಿಸುತ್ತಲೇ ಇದ್ದ, ಚಕ್ರ ಮಾತ್ರ ಅಂಚಿನ ಕಡೆ ನೆಟ್ಟಗೆ ಹೋಗುತ್ತಿತ್ತು.

ಇನ್‌ಸ್ಪೆಕ್ಟರ್ ಮಾರನೆಯ ದಿನವೇ ಹಿತ್ತಿಲಿಗೆ ಬಂದ. ಕಳಚಿ ಬಿದ್ದ ನಟ್ಟು ಗಣಿಯ ದಾರಿಯಲ್ಲಿ ಸಿಕ್ಕಿತ್ತು. ಅದನ್ನು ಅಂಗೈಯಲ್ಲಿಟ್ಟು ತೋರಿಸಿದ. ನಟ್ಟಿನ ಮೇಲೆ ಹಳದಿ ಗೆರೆ. ಈ ಊರಿನ ಅರ್ಧ ಗಾಡಿಗಳ ಅಡಿಯಲ್ಲಿ ಈ ಗೆರೆ ನೋಡಿದ್ದೇನೆ ಎಂದ.

"ಕೈ ಮರೆತು ಬಿಟ್ಟಿದ್ರೆ ಗುರುತು ಇರ್ತಿರಲಿಲ್ಲ. ಬಿಗಿ ಮಾಡದ ನಟ್ಟಿಗೆ ಮರೆತು ಗುರುತು ಹಾಕ್ತಾರಾ? ಬೇಕಂತಲೇ ಹಾಕಿದ್ದು. ಯಾರು ಹಾಕಿದ್ದು?"

ಹೊಸ್ತಿಲಲ್ಲಿ ನಿಂತಿದ್ದ ತಂಗಿ ಬಾಯಿ ತೆರೆದಳು.

"ನೀನು ಒಳಗೆ ಹೋಗು," ಎಂದು ಅಣ್ಣ ಗದರಿದ. ಆಮೇಲೆ ಇನ್‌ಸ್ಪೆಕ್ಟರನ ಕಡೆ ತಿರುಗಿದ. "ಆ ಬಣ್ಣದ ಡಬ್ಬಿ ಮುಟ್ಟೋನು ನಾನೊಬ್ಬನೇ. ಗುರುತು ನಂದೇ."

ಜೀಪು ಹತ್ತುವಾಗ ಅವಳು ಒಂದೇ ಕೈಯಿಂದ ಅವನ ತೋಳು ಹಿಡಿದುಕೊಂಡಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಉಗುರಿನ ಸಂದಿ ಇನ್ನೊಂದು ಸಲ ಸರಿಯಾಗಿ ತೊಳಿ ಎಂದು ಮೆಲ್ಲಗೆ ಹೇಳಿದ.

ಆ ಬೆಳಿಗ್ಗೆ ಟ್ರಕ್ಕಿನ ಕೆಳಗೆ ಮಲಗಿ ಮುಟ್ಟಿ ನೋಡಿದಾಗ, ತಾನು ಎಳೆಯದ ಆ ಗೆರೆಯ ಹಸಿ ಬಣ್ಣ ಅವನ ಬೆರಳಿಗೆ ಅಂಟಿತ್ತು.