ಕತ್ತರಿಸದ ಹಾಳೆಗಳು

ನಿನ್ನ ಗಂಡ ಬರುವ ಅಮಾವಾಸ್ಯೆ ದಾಟುವುದು ಕಷ್ಟ ಎಂದು ಆಸ್ಪತ್ರೆಯ ತೆಲುಗು ಡಾಕ್ಟರು ವರಾಂಡದಲ್ಲಿ ನಿಂತು ತಮ್ಮ ಭಾಷೆಯಲ್ಲೇ ಹೇಳಿದರು. ಅವನಿಗೆ ತಿಳಿಯುವುದು ಬೇಡ, ತಿಳಿದರೆ ಇರುವ ಧೈರ್ಯವೂ ಹೋದೀತು ಎಂದೂ ಸೇರಿಸಿದರು. ಹೊನ್ನೂರಮ್ಮ ತಲೆಯಾಡಿಸಿದಳು. ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡು, ಏನೂ ಆಗದವಳಂತೆ ವಾರ್ಡಿನೊಳಗೆ ಬಂದಳು.

ಮಾರೆಣ್ಣ ದಿಂಬಿಗೆ ಒರಗಿ ಅವಳಿಗಾಗಿ ಕಾಯುತ್ತಿದ್ದ. ಬಳ್ಳಾರಿಯ ಹತ್ತಿ ಜಿನ್ನಿನ ಗಿರಣಿಯಲ್ಲಿ ಬೇಲು ಎಂಬ ದೊಡ್ಡ ಮೂಟೆ ಕಟ್ಟುತ್ತ, ದೂಳು ಕುಡಿದು ಕುಡಿದು ಅವನ ಎದೆ ಕೆಟ್ಟಿತ್ತು. ಅಕ್ಷರ ಬಾರದವನು, ಆದರೆ ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ. ಯುದ್ಧ ಮುಗಿದು ಕಾಗದ ಸಿಗತೊಡಗಿದ ಮೇಲೆ ಅಂಥ ಪುಸ್ತಕಗಳಿಗೇನೂ ಬರವಿರಲಿಲ್ಲ. ಕುರುಗೋಡಿನ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಹೆಂಡತಿ ಓದಬೇಕು, ಇವನು ಕೇಳಬೇಕು. ದಿನಕ್ಕೆ ಒಂದೇ ಅಧ್ಯಾಯ. ಉಳಿದ ಹೊತ್ತೆಲ್ಲ ಕೊಲೆಗಾರ ಯಾರೆಂದು ಇಬ್ಬರಿಗೂ ಜಗಳ. ಕೊನೆಗೆ ಅಡುಗೆಯವನೋ ತೋಟದ ಮಾಲಿಯೋ ಸಿಕ್ಕಿಬಿದ್ದರೆ ಮಾರೆಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. "ಸಾಹುಕಾರ್ರು ಕೊಲಿ ಮಾಡಂಗೇ ಇಲ್ಲೇನು? ಬರಿಯೋ ಮಂದಿಗೆ ಬಡವನೇ ಸಿಗ್ತಾನ ನೋಡು!"

ಹೊನ್ನೂರಮ್ಮನದು ಬೇರೆಯೇ ಚಾಳಿ. ಸಾಯುವವರು ಯಾರೆಂದು ಮೊದಲೇ ತಿಳಿಯದಿದ್ದರೆ ಅವಳಿಗೆ ಜೀವ ತಡೆಯದು. ಕದ್ದು ಮುಂದಿನ ಪುಟಗಳನ್ನೆಲ್ಲ ನೋಡಿಬಿಡುತ್ತಿದ್ದಳು. ನೋಡಿದ್ದನ್ನು ಬಚ್ಚಿಡಲಾದರೂ ಬರುತ್ತಿತ್ತೇ? ಸಾಯಲಿರುವ ಪಾಪದವನು ಕಥೆಯಲ್ಲಿ ಬಾಯಿ ತೆರೆದರೆ ಸಾಕು, ಇವಳ ದನಿ ಮೆತ್ತಗಾಗುತ್ತಿತ್ತು. "ಇಂವ ಸಾಯ್ತಾನ, ಹೌದಲ್ಲ? ಮುಂದಿಂದು ನೋಡ್ಕೊಂಡು ಬಂದಿ ನೀ!" ಎಂದು ಮಾರೆಣ್ಣ ಹಿಡಿದೇ ಹಿಡಿಯುತ್ತಿದ್ದ.

ಅದಕ್ಕೇ ಈ ಸಲ ಕೌಲ್ ಬಜಾರಿನ ದಾವಲಸಾಬನ ಅಂಗಡಿಯಿಂದ ಹಾಳೆ ಕತ್ತರಿಸದ ಹೊಸ ಪುಸ್ತಕವನ್ನೇ ತರಿಸಿದ್ದ. ಅಚ್ಚಿನ ಮನೆಯಿಂದ ಬಂದಂತೆಯೇ ಹಾಳೆಗಳ ಅಂಚುಗಳು ಒಂದಕ್ಕೊಂದು ಕೂಡಿಕೊಂಡಿದ್ದವು; ಕೊಯ್ಯದೆ ಮುಂದಿನ ಪುಟ ಓದುವಂತಿರಲಿಲ್ಲ. ಬೇಲಿನ ಹಗ್ಗ ಕೊಯ್ಯುವ ತನ್ನ ಚಾಕುವನ್ನೂ ಪುಸ್ತಕವನ್ನೂ ದಿಂಬಿನ ಕೆಳಗೆ ಇಟ್ಟುಕೊಂಡು, ಮುಂದಿನ ದಪ್ಪಕ್ಷರದ ತಲೆಬರಹ ಕಾಣುವತನಕ, ಆ ದಿನದ ಅಧ್ಯಾಯದಷ್ಟೇ ಹಾಳೆ ತಾನೇ ಕತ್ತರಿಸಿ ಅವಳ ಕೈಗೆ ಕೊಡುತ್ತಿದ್ದ.

ಇವತ್ತೂ ಹಾಗೆಯೇ ಕೊಟ್ಟ. ಹೊನ್ನೂರಮ್ಮ ಸ್ಟೂಲಿನ ಮೇಲೆ ಕೂತು ಓದತೊಡಗಿದಳು. ಜಮೀನ್ದಾರ ಆಳನ್ನು ಬಯ್ಯುವ ಮಾತು ಬಂತು. ಮೆತ್ತಗೆ ಓದಿದಳು. ಪೊಲೀಸಿನವನು ಗದರಿಸುವ ಮಾತು ಬಂತು. ಅದನ್ನೂ ಮೆತ್ತಗೇ ಓದಿದಳು. ತನ್ನ ದನಿ ತನ್ನ ಮಾತು ಕೇಳುತ್ತಿಲ್ಲವೆಂದು ಅವಳಿಗೇ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡು ಜೋರಾಗಿ ಓದಲು ನೋಡಿದಳು. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

"ನಿಲ್ಸು," ಎಂದ ಮಾರೆಣ್ಣ. "ಯಾರು ಸಾಯ್ತಾರ ಇದ್ರಾಗ?"

"ನನಗೇನು ಗೊತ್ತು? ಚಾಕು ನಿಮ್ಮ ಕೈಯಾಗೇ ಐತಲ್ಲ."

"ಮತ್ತ ಎಲ್ಲಾರ ಮಾತೂ ಸಾಯೋರ ಮಾತಿನಂಗ ಓದಾಕ ಹತ್ತಿಯಲ್ಲ?"

"ಗಂಟಲು ಕಟ್ಟೇತಿ, ಅಷ್ಟ."

ಮಾರೆಣ್ಣ ಕೈ ಚಾಚಿ ಪುಸ್ತಕ ತೆಗೆದುಕೊಂಡ. ಮುಂದಿನ ಹಾಳೆಗಳ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದ. ಒಂದು ಮಡಿಕೆಯೂ ಬಿಚ್ಚಿರಲಿಲ್ಲ. ಆಮೇಲೆ, ಡಾಕ್ಟರು ಅವಳನ್ನು ಕರೆದುಕೊಂಡು ಹೋಗಿದ್ದ ವರಾಂಡದ ಕಡೆ ನೋಡಿದ. ಅಲ್ಲಿಂದ ಅವಳ ಹಣೆಗೆ ಅಂಟಿದ್ದ ಒದ್ದೆ ಕೂದಲಿನ ಕಡೆ ನೋಡಿದ. ಹೊನ್ನೂರಮ್ಮನಿಗೆ ಅಲ್ಲೇ ನೆಲದ ಮೇಲೆ ಬಿದ್ದು ಅತ್ತುಬಿಡಬೇಕೆನಿಸಿತು. ಇವನು ಕೇಳಿಬಿಟ್ಟರೆ ಏನು ಹೇಳಲಿ, ಯಾವ ಬಾಯಿಂದ ಹೇಳಲಿ ಎಂದು ತಲೆ ತಗ್ಗಿಸಿದಳು.

ಅವನು ದಿಂಬಿನ ಕೆಳಗಿನಿಂದ ಚಾಕು ತೆಗೆದು, ಪುಸ್ತಕದ ಜೊತೆಗೆ ಅವಳ ಮಡಿಲಲ್ಲಿ ಇಟ್ಟ.

"ದಿನಕ್ಕ ಒಂದ ಅಧ್ಯಾಯ ಸಾಲಂಗಿಲ್ಲ," ಎಂದ. "ಕಡೀತನಕ ಕೊಯ್ಯಿ."