ಸೋಗಿನ ಬಂಡಿಯ ಕರಡಿ

ಹಾಸುಗಲ್ಲಿನ ಮೇಲೆ ಕಾಲುಂಗುರ ಟಕ್ಕೆಂದದ್ದೇ ತಡ, ನೀಲಪ್ಪ ದೊಡ್ಡ ಕರಡಿಯನ್ನು ಗಾದಿಯ ಕೆಳಗೆ ತುರುಕಿ, ಸಣ್ಣ ಕರಡಿಯನ್ನು ತೊಡೆಯ ಮೇಲೆ ಹರವಿಕೊಂಡ. ಹೆಂಡತಿ ಸುನಂದಾ ಒಳಗೆ ಕಾಲಿಡುವಷ್ಟರಲ್ಲಿ ಅವನ ಸೂಜಿ ಬಲು ಸಂಭಾವಿತನಂತೆ ಓಡುತ್ತಿತ್ತು.

ಸಣ್ಣ ಕರಡಿಯದ್ದೇನೂ ಮುಚ್ಚುಮರೆ ಇರಲಿಲ್ಲ. ಹೋಳಿ ಹಬ್ಬಕ್ಕೆ ಬಾಗಲಕೋಟೆಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ವೇಷ ಹಾಕಿದವರು ಹಲಗಿಯ ಬಡಿತಕ್ಕೆ ಬಂಡಿಯ ಮೇಲೇ ಕುಣಿಯುತ್ತಾರೆ. ಈ ಸಲ ನಾಲ್ಕು ವರ್ಷದ ಮೊಮ್ಮಗಳು ಗೌರಿ ಮರಿಕರಡಿಯಾಗುವವಳು. ಹಳೆಯ ಕರಿ ಕಂಬಳಿ ಕತ್ತರಿಸಿ ಅಜ್ಜನೇ ಹೊಲಿಯುತ್ತಿದ್ದ. ರಟ್ಟಿನ ಕಿವಿ, ತೆಂಗಿನ ಕರಟದ ಮೂಗು. ಮೂಗು ಎರಡು ಸಲ ಉದುರಿ, ಮೂರನೆಯ ಸಲ ನಿಂತಿತ್ತು.

ದೊಡ್ಡ ಕರಡಿಯ ಕಥೆಯೇ ಬೇರೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಇನ್ನು ಬಂಡಿ ಹತ್ತುವುದಿಲ್ಲವೆಂದು ನೀಲಪ್ಪ ಗೌರಿಯ ತಲೆ ಮುಟ್ಟಿ ಆಣೆ ಮಾಡಿದ್ದ. ಮಾಡಿಸಿದವಳು ಸುನಂದಾ. ಹರೆಯದಿಂದ ಅವನು ಒಂದು ವರ್ಷವೂ ಬಂಡಿ ತಪ್ಪಿಸಿದವನಲ್ಲ. ಹೆಂಡತಿಯ ಇಳಕಲ್ ಸೀರೆ ಉಟ್ಟು ರಾಣಿಯೂ ಆಗಿದ್ದ. ನೆರಿಗೆ ಹಿಡಿದು ಕಳಿಸಿದವಳು ಅವಳೇ. ಗಂಡಸರು ಬಂಡಿಯ ಮೇಲೆ, ಹೆಂಗಸರು ಮಾಳಿಗೆಯ ಮೇಲೆ, ಇದು ಮೊದಲಿನಿಂದ ನಡೆದು ಬಂದದ್ದು; ಸಣ್ಣ ಮಕ್ಕಳಿಗಷ್ಟೇ ವಿನಾಯಿತಿ. ಈಗ ಮೊಮ್ಮಗಳು ಮೊದಲ ಸಲ ಹತ್ತುವಾಗ ತಾನು ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಬೇಕೇ? ಒಂದು ಸಲ ಅವಳ ಕೈ ಹಿಡಿದು ಕುಣಿಯಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಬಂಡಿ ಮರಳುವ ತನಕ ಸೋಗಿನವರು ಮುಖವಾಡ ತೆಗೆಯಬಾರದು, ಬಾಯಿ ಬಿಡಬಾರದು ಎಂಬುದು ಓಣಿಯ ಕಟ್ಟಳೆ. ಅಂದಮೇಲೆ ಆಣೆ ಮುರಿದದ್ದು ಯಾರಿಗೆ ಗೊತ್ತಾಗಬೇಕು?

"ಗಾದಿ ಯಾಕ ಉಬ್ಬೇತ್ರಿ?" ಎನ್ನುತ್ತ ಸುನಂದಾ ಉತ್ತರಕ್ಕೂ ಕಾಯದೆ ಎಳೆದಳು. ಆಳೆತ್ತರದ ಕರಡಿ ಹೊರಬಿತ್ತು.

"ಅದು ಹುಸೇನಪೀರಂದು," ಎಂದ ನೀಲಪ್ಪ ಥಟ್ಟನೆ. ಹುಸೇನಪೀರ ಓಣಿಯ ಬಂಡಿ ಕಟ್ಟುವವನು. "ಗೌರಿ ಒಬ್ಬಾಕಿನ ನಿಂತ್ರ ಅಳ್ತಾಳ. ಅದಕ್ಕ ಅವನೂ ಕರಡಿ ಆಗ್ತಾನಂತ."

ಸುನಂದಾ ಕರಡಿಯನ್ನು ಎತ್ತಿ ಹಿಡಿದು ಮೇಲಿಂದ ಕೆಳಗೆ ನೋಡಿದಳು. "ಅಂವಾ ನಿಮ್ಮ ಭುಜಕ್ಕ ಬರ್ತಾನ. ಇಷ್ಟುದ್ದ ಕಾಲು ಹಾಕ್ಕೊಂಡು ಎಡವಿ ಬಿದ್ದಾನು. ಒಂದು ಗೇಣು ಮಡಚಿ ಹೊಲೀರಿ."

ಹೇಳಿದ ಸುಳ್ಳನ್ನು ಹೊಲಿಯದೆ ಗತಿಯಿರಲಿಲ್ಲ. ಅವಳ ಕಣ್ಣೆದುರೇ ಮಡಚಿ ಹೊಲಿದ. ತನ್ನ ಮೀನಖಂಡ ಕಂಡರೆ ಕಾಣಲಿ, ಕರಡಿಗೆಂಥ ನಾಚಿಕೆ. ಕುಣಿಯುವಾಗ ಜಾರದಿರಲೆಂದು ಪಾದವನ್ನಂತೂ ಮೊದಲೇ ಮುಚ್ಚದೆ ಬಿಟ್ಟಿದ್ದ.

"ಅವತ್ತ ನಾ ಇರೂದಿಲ್ಲ ಮತ್ತ," ಎಂದಳು ಸುನಂದಾ. "ಆ ಗದ್ದಲ ನೋಡಿ ನೋಡಿ ಸಾಕಾಗೇತಿ. ಗುಳೇದಗುಡ್ಡಕ್ಕ ಅಕ್ಕನ ಮನಿಗೆ ಹೋಗ್ತೇನಿ."

ನೀಲಪ್ಪನಿಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿ. ಮುಖ ಸಣ್ಣದು ಮಾಡಿ, "ಆಗಲಿ, ಆರಾಮ ಹೋಗಿ ಬಾ," ಎಂದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು, ಥೇಟ್ ಹಲಗಿಯ ಗತ್ತಿನಲ್ಲಿ. ಹಬ್ಬ ಹತ್ತಿರ ಬಂದರೆ ಅವನಿಗೆ ಎಲ್ಲವೂ ಹಾಗೇ ಕೇಳುತ್ತದೆ.

ಮರುದಿನ ಹುಸೇನಪೀರನಿಗೆ ಗುಟ್ಟು ಬಿಚ್ಚಿದ. ಅವನು ಬಂಡಿಗೆ ಬಣ್ಣದ ಕಾಗದದ ಮಾಲೆ ಅಂಟಿಸುತ್ತಿದ್ದ. "ಚಿಂತಿ ಬಿಡ್ರಿ ಕಾಕಾ," ಎಂದ, ತಲೆ ಎತ್ತದೆ. "ಕರಡಿ ಬಂಡಿ ಹತ್ತೇ ಹತ್ತತೈತಿ. ಯಾರ ಗುಟ್ಟೂ ನಾ ಬಿಡಂಗಿಲ್ಲ."

ಬಂಡಿ ಹೊರಡುವ ದಿನ ಬೆಳಿಗ್ಗೆ ಸುನಂದಾ ಉಬ್ಬಿದ ಚೀಲ ಹಿಡಿದು, "ಅಕ್ಕಗ ರೊಟ್ಟಿ," ಎಂದು ಹೊರಟಳು. ಮಧ್ಯಾಹ್ನ ಸೊಸೆ ರೋಹಿಣಿ ಗೌರಿಗೆ ವೇಷ ಕಟ್ಟಿ ಬಂಡಿಯ ಹತ್ತಿರ ಕರೆದೊಯ್ದಳು. ಮನೆ ಖಾಲಿಯಾದದ್ದೇ ನೀಲಪ್ಪ ಕರಡಿಯನ್ನು ಮಡಿಚಿಟ್ಟಿದ್ದ ಟ್ರಂಕು ತೆರೆದ. ಕರಡಿ ಇರಲಿಲ್ಲ.

ಅಟ್ಟ ಜಾಲಾಡಿದ, ಗಾದಿಗಳನ್ನೆಲ್ಲ ಮಗುಚಿದ. ಕೊನೆಗೆ ಹೆಂಡತಿಗೆ ಫೋನ್ ಹಚ್ಚಿದ.

"ಕರಡಿ ಎಲ್ಲೈತಿ?"

"ನನ್ನ ತವರಮನಿ ಮಣಿ ಎಲ್ಲೈತ್ರಿ?" ಎಂದವಳೇ ಸುನಂದಾ ಫೋನ್ ಇಟ್ಟಳು.

ನೀಲಪ್ಪ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತ. ಕಾಮಣ್ಣನ ಬೆಂಕಿಗೆಂದು ಕಟ್ಟಿಗೆ, ಕುಳ್ಳು ಕದಿಯುವುದು ಹೋಳಿಯ ಪದ್ಧತಿ, ಕಳೆದುಕೊಂಡವರು ಕೇಳುವಂತಿಲ್ಲ. ಮದುವೆಯಾದ ಹೊಸತರಲ್ಲಿ, ಸುನಂದಾ ತವರಿನಿಂದ ತಂದಿದ್ದ ಚಿತ್ತಾರದ ಮಣೆಯನ್ನು ಅವನೇ ಎತ್ತಿಕೊಂಡು ಹೋಗಿ ಬೆಂಕಿಗೆ ಎಸೆದಿದ್ದ. ಅವಳು ಅತ್ತಾಗ, "ಕಾಮಣ್ಣನ ಪಾಲಾದದ್ದು ಕೇಳಬಾರದು," ಎಂದು ನಕ್ಕಿದ್ದ. ಓಣಿಯಲ್ಲಿ ಕಾಮಣ್ಣನನ್ನು ಸುಟ್ಟದ್ದು ನಿನ್ನೆ ತಾನೇ. ಕಂಬಳಿ ಚೆನ್ನಾಗಿಯೇ ಉರಿದಿರಬೇಕು. ಬೈಯೋಣವೆಂದರೆ ಯಾವ ಬಾಯಿ?

ಸಂಜೆ ಕಟ್ಟೆಯ ಮೇಲೆ ಕೂತ. ಹಲಗಿ ಮೊಳಗಿತು. ಬಂಡಿ ತಿರುವು ದಾಟಿ ಬಂತು. ಮೇಲೆ ಮರಿಕರಡಿ ಕುಣಿಯುತ್ತಿತ್ತು. ಅದರ ಕೈ ಹಿಡಿದುಕೊಂಡು ದೊಡ್ಡ ಕರಡಿಯೂ ಕುಣಿಯುತ್ತಿತ್ತು.

ಸುಟ್ಟಿರಲಿಲ್ಲ. ಅದೇ ಕಂಬಳಿ, ತನ್ನದೇ ಹೊಲಿಗೆ, ತನ್ನದೇ ಕರಟದ ಮೂಗು. ಹಾಗಾದರೆ ಹುಸೇನಪೀರ ಖರೆಯೇ ಹಾಕಿಕೊಂಡನೇ? ಹಾಳಾದವನು! ಕಡುಕೋಪದಿಂದ ಎದ್ದು ನಿಂತರೆ, ಹುಸೇನಪೀರ ಬಂಡಿಯ ಮುಂದೆ ಎತ್ತಿನ ಹಗ್ಗ ಹಿಡಿದು ನಡೆಯುತ್ತಿದ್ದ. ಕಟ್ಟೆಯ ಕಡೆ ಮಾತ್ರ ನೋಡಲೊಲ್ಲ. ಓಣಿಯವರು ಶಿಳ್ಳೆಯ ಮೇಲೆ ಶಿಳ್ಳೆ ಹಾಕಿದರು. ಇಂಥ ಕುಣಿತ ನೀಲಪ್ಪನ ಹರೆಯದಲ್ಲೂ ನೋಡಿರಲಿಲ್ಲವೆಂದು ಅವನ ಕಿವಿಯ ಹತ್ತಿರವೇ ಒಬ್ಬ ಹೇಳಿದ.

ಬಂಡಿ ಕಟ್ಟೆಯ ಮುಂದೆ ನಿಂತಿತು. ದೊಡ್ಡ ಕರಡಿ ಮಾತಾಡಲಿಲ್ಲ. ನೀಲಪ್ಪನ ಮೂಗಿನ ನೇರಕ್ಕೆ, ಬಂಡಿಯ ಅಂಚಿಗೆ ಬಂದು, ಹಲಗಿಯ ಗತ್ತಿಗೆ ಸರಿಯಾಗಿ ಒಮ್ಮೆ ಬರಿಗಾಲು ಕುಟ್ಟಿತು.

ಆ ಕಾಲಿನ ಬೆರಳಲ್ಲಿ, ಮದುವೆಯ ದಿನ ನೀಲಪ್ಪನೇ ತೊಡಿಸಿದ ಕಾಲುಂಗುರವಿತ್ತು.