ಪುಸ್ತಕದೊಳಗಿನ ನಗು

ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನು ಹಾಕಿದ ಕಂಪನಿಯವರು ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ದಪ್ಪ ಪುಸ್ತಕವನ್ನು ಅವರ ಆಫೀಸಿನಿಂದ ಯಮನೂರ ಎತ್ತಿಕೊಂಡೇ ಬಂದಿದ್ದ. ಅದರೊಳಗೆ ಅವನ ಹೆಂಡತಿಯ ಫೋಟೊ ಇತ್ತು. ತಲೆಯ ಮೇಲೆ ಕೊಡ, ಹಿಂದೆ ಫ್ಯಾನು, ಬಾಯಿ ತುಂಬ ನಗು. ಮದುವೆಯಾದಾಗಿನಿಂದ ಅಂಥ ನಗುವನ್ನು ಅವನು ಕಂಡಿರಲಿಲ್ಲ.

"ಯಾಂವ ತಗದಾನ ಇದನ್ನ?"

"ಕಂಪನಿಯಾಂವ. ಫ್ಯಾನಿನ ಸಲುವಾಗಿ ಅವರು ಬಾವಿ ದಾರಿಗೆ ಬೇಲಿ ಹಾಕ್ಯಾರಲ್ಲ, ಗುಡ್ಡ ಸುತ್ತಿ ನೀರಿಗೆ ಹೊಂಟಿದ್ದೆ. ನಿಲ್ಲಿಸಿದ."

"ನಿಲ್ಲು ಅಂದ್ರ ನಿಂತಿ, ನಗು ಅಂದ್ರ ನಕ್ಕಿ. ನನ್ನ ಮುಂದ ಮಾತ್ರ ನಿನಗ ಹಲ್ಲು ನೋಯ್ತಾವ."

"ನಗು ಅಂತ ಅಂವ ಅನ್ಲಿಲ್ಲ."

ಯಮನೂರ ಪುಸ್ತಕವನ್ನು ನೆಲಕ್ಕೆ ಬಡಿದ. "ಹಂಗಾರ ತಾನಾಗೇ ಬಂತು. ಅಂಥಾದ್ದೇನಂದ ಅಂವ? ಖರೇ ಹೇಳು, ಇಲ್ಲಾಂದ್ರ ಈಗಿಂದೀಗ ತವರಿಗೆ ನಡಿ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಈ ಫೋಟೊ ಯಾಕ್ರಿ ಅಂತ ಕೇಳಿದೆ. 'ಕಂಪನಿಗೆ ರೊಕ್ಕ ಹಾಕೋ ದೊಡ್ಡ ಮಂದಿ ಕೇಳ್ತಾರವ್ವಾ. ನಮ್ಮ ಫ್ಯಾನಿನಿಂದ ಯಾರಿಗೂ ತ್ರಾಸಿಲ್ಲ, ನೀವೆಲ್ಲ ಸುಖವಾಗಿದ್ದೀರಿ ಅಂತ ಪುಸ್ತಕದಾಗ ತೋರಿಸ್ಬೇಕು' ಅಂದ. ನನಗ ನಗು ತಡ್ಯಾಕಾಗ್ಲಿಲ್ಲ."